ಸರ್ವರ್ ಸಮೂಹಕ್ಕೆ ಒಂದೇ ಉಗ್ರಾಣವನ್ನು ಏರ್ಪಡಿಸುವ ಕ್ರಮ

ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಗಣಕಯಂತ್ರಗಳ ಕೆಲಸದಲ್ಲಿರುವರು. ಅವರ ತಾಯಿತಂದೆಗಳು, "ರಾತ್ರಿ ಎರಡು ಗಂಟೆಗೆ ಫೋನು ಬಂದರೆ ಎದ್ದು ಕೂತು ನೀನು ಮಾಡುವುದಾದರೂ ಏನಮ್ಮಾ?" ಎಂದು ಕೇಳುವುದುಂಟು. ಮಗಳು, "ಸರ್ವರ್ ಬಿದ್ದಿದೆ, ಅಪ್ಪಾ" ಎಂದಿಷ್ಟೇ ಹೇಳಿ ಸುಮ್ಮನಾಗುವಳು. ಬಿದ್ದದ್ದು ಯಾವುದು, ಅದನ್ನು ಎತ್ತುವ ಬಗೆ ಯಾವುದು ಎಂಬುದು ಮನೆಯವರಿಗೆ ತಿಳಿಯದೆಯೇ ಉಳಿಯುವುದು. ಆ ಕೆಲಸದ ಒಂದು ಭಾಗವನ್ನು ಮನೆಯವರಿಗೂ ಅರ್ಥವಾಗುವಂತೆ, ಆ ವೃತ್ತಿಗೆ ಹೋಗಲಿರುವ ತಂಗಿಯರಿಗೂ ಉಪಯೋಗಕ್ಕೆ ಬರುವಂತೆ ಇಲ್ಲಿ ವಿವರಿಸಲು ಯತ್ನಿಸುವೆನು. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಸೇರಿದೆ.

೧. ಸಮೂಹವೆಂದರೇನು?

ಆಸ್ಪತ್ರೆಯಲ್ಲಿ ರೋಗಿಯ ಹೆಸರನ್ನು ಬರೆಯಿಸುವಾಗಲೂ, ಬ್ಯಾಂಕಿನಲ್ಲಿ ಹಣ ಕಟ್ಟುವಾಗಲೂ, ರೈಲಿನ ಟಿಕೆಟು ಕೊಳ್ಳುವಾಗಲೂ ನಮ್ಮೆದುರಿಗೆ ಮೇಜಿನ ಮೇಲಿರುವ ಯಂತ್ರವು ತಾನೇ ಲೆಕ್ಕವನ್ನು ಇಟ್ಟುಕೊಳ್ಳುವುದಿಲ್ಲ. ಅದು ಬೇರೊಂದು ಕೋಣೆಯಲ್ಲಿಯೋ ಬೇರೊಂದು ಊರಿನಲ್ಲಿಯೋ ಇರುವ ದೊಡ್ಡ ಯಂತ್ರವನ್ನು ಕೇಳಿ ಉತ್ತರವನ್ನು ತರುವುದು. ಕೇಳಿದವರಿಗೆಲ್ಲ ಸೇವೆ ಸಲ್ಲಿಸುವ ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಇದೂ ಯಂತ್ರವೇ ಆದುದರಿಂದ ಒಂದಲ್ಲ ಒಂದು ದಿನ ಕೆಡುವುದು. ಅದು ಕೆಟ್ಟ ಗಳಿಗೆಯಲ್ಲಿ ಆಸ್ಪತ್ರೆಯ ಬಾಗಿಲನ್ನು ಮುಚ್ಚಲಾಗುವುದಿಲ್ಲವಷ್ಟೆ? ಆದಕಾರಣ ಎರಡು, ಮೂರು ಅಥವಾ ಇನ್ನೂ ಹೆಚ್ಚು ಸರ್ವರುಗಳನ್ನು ಜೊತೆಗೂಡಿಸಿ, ಒಂದು ಬಿದ್ದರೆ ಇನ್ನೊಂದು ಅದರ ಹೊರೆಯನ್ನು ಹೊರುವಂತೆ ಏರ್ಪಡಿಸುವರು. ಇಂಥ ಕೂಟಕ್ಕೆ ಕ್ಲಸ್ಟರ್, ಅಂದರೆ ಸಮೂಹ ಎಂದು ಹೆಸರು.

ಆದರೆ ಇಲ್ಲಿ ಒಂದು ಪ್ರಶ್ನೆಯು ಏಳುವುದು. ಹೊರೆಯನ್ನು ಹೊರಲು ಇನ್ನೊಂದು ಯಂತ್ರವು ಸಿದ್ಧವಾಗಿದ್ದರೂ, ಮೊದಲನೆಯ ಯಂತ್ರವು ಬರೆದಿಟ್ಟ ಲೆಕ್ಕವು ಅದಕ್ಕೆ ದೊರೆಯಬೇಕಲ್ಲವೇ? ಲೆಕ್ಕವೆಲ್ಲ ಕೆಟ್ಟ ಯಂತ್ರದ ಹೊಟ್ಟೆಯೊಳಗಿದ್ದರೆ, ಎರಡನೆಯದು ಬರಿಗೈಯಲ್ಲಿ ನಿಂತಿರುವ ಸಹಾಯಕನಂತಾಗುವುದು. ಆದುದರಿಂದ ಲೆಕ್ಕವನ್ನು ಯಂತ್ರಗಳ ಹೊರಗೆ, ಎಲ್ಲವುಗಳಿಗೂ ಕೈಗೆಟುಕುವ ಒಂದು ಸ್ಥಳದಲ್ಲಿ ಇಡಬೇಕಾಗುವುದು. ಅದೇ ಸಮೂಹದ ಉಗ್ರಾಣ.

೨. ಉಗ್ರಾಣವನ್ನು ಕಟ್ಟುವ ಮೂರು ವಿಧಗಳು

ಮೊದಲನೆಯ ವಿಧದಲ್ಲಿ ಉಗ್ರಾಣಕ್ಕೆ ಒಬ್ಬ ಉಗ್ರಾಣಿಯಿರುವನು. ಸರ್ವರುಗಳು ಬಾಗಿಲಲ್ಲಿ ನಿಂತು, "ಇಂಥ ಹೆಸರಿನ ಕಡತವನ್ನು ಕೊಡು" ಎಂದು ಕೇಳುವುವು; ಒಳಗೆ ಹೋಗಿ ಹುಡುಕುವ ಕೆಲಸ ಉಗ್ರಾಣಿಯದು. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಸಂಸ್ಥೆಯು ೧೯೮೪ರಲ್ಲಿ ರಚಿಸಿದ ಎನ್‌ಎಫ್‌ಎಸ್ ಎಂಬುದು ಈ ಜಾತಿಗೆ ಸೇರಿದ್ದು, ಇಂದಿಗೂ ಬಳಕೆಯಲ್ಲಿದೆ. ಇದು ಸುಲಭವಾದದ್ದು. ಆದರೆ ಉಗ್ರಾಣಿಯೇ ಮಲಗಿಬಿಟ್ಟರೆ ಎಲ್ಲರೂ ಉಪವಾಸವಿರಬೇಕಾದುದರಿಂದ, ಆತನಿಗೂ ಒಬ್ಬ ಜೊತೆಗಾರನನ್ನು ನೇಮಿಸಬೇಕಾಗುವುದು.

ಎರಡನೆಯ ವಿಧದಲ್ಲಿ ಉಗ್ರಾಣಿಯಿಲ್ಲ. ಸಂಖ್ಯೆ ಹಾಕಿದ ಲಕ್ಷಾಂತರ ಗೂಡುಗಳುಳ್ಳ ಬರಿಯ ಕೋಣೆಯೊಂದಿರುವುದು. ಈ ಗೂಡುಗಳಿಗೆ ಬ್ಲಾಕ್ ಎನ್ನುವರು. ಯಾವ ಗೂಡಿನಲ್ಲಿ ಏನಿದೆ, ಯಾವುದು ಬರಿದಾಗಿದೆ ಎಂಬ ಪಟ್ಟಿಯನ್ನು ಸರ್ವರೇ ಇಟ್ಟುಕೊಳ್ಳಬೇಕು. ಫೈಬರ್ ಚಾನೆಲ್ ಎಂಬ ಪ್ರತ್ಯೇಕ ಕೇಬಲ್ಲುಗಳ ಮೂಲಕ ಈ ಕೋಣೆಗೆ ದಾರಿ ಮಾಡುವುದು ಒಂದು ಕ್ರಮ. ಕಚೇರಿಗಳಲ್ಲಿರುವ ಸಾಧಾರಣ ಈಥರ್ನೆಟ್ ಕೇಬಲ್ಲಿನ ಮೇಲೆಯೇ ದಾರಿ ಮಾಡುವುದು ಮತ್ತೊಂದು ಕ್ರಮ. ಈ ಎರಡನೆಯದಕ್ಕೆ ಐಸ್ಕಝಿ ಎಂದು ಹೆಸರು. ಅದರ ನಿಯಮಾವಳಿಯು ೨೦೦೪ರಲ್ಲಿ ಪ್ರಕಟವಾಯಿತು. ವೇಗವೂ ಸ್ವಾತಂತ್ರ್ಯವೂ ಈ ವಿಧದಲ್ಲಿ ಹೆಚ್ಚು, ಅಪಾಯವೂ ಹೆಚ್ಚು.

ಮೂರನೆಯ ವಿಧದಲ್ಲಿ ಬೇರೆ ಕಟ್ಟಡವೇ ಇಲ್ಲ. ಪ್ರತಿಯೊಂದು ಸರ್ವರೂ ತನ್ನ ಡಿಸ್ಕುಗಳನ್ನು ಸಮೂಹಕ್ಕೆ ಒಪ್ಪಿಸುವುದು. ಪ್ರತಿಯೊಂದು ವಸ್ತುವಿನ ಪ್ರತಿಗಳನ್ನು, ಸಾಮಾನ್ಯವಾಗಿ ಮೂರನ್ನು, ಬೇರೆ ಬೇರೆ ಯಂತ್ರಗಳಲ್ಲಿ ಇಡುವರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಎಂಬವರು ಆರಂಭಿಸಿ, ೨೦೦೬ರಲ್ಲಿ ಪ್ರಬಂಧ ರೂಪವಾಗಿ ಪ್ರಕಟಿಸಿದ ಸೆಫ್ ಎಂಬುದು ಇದಕ್ಕೆ ಉದಾಹರಣೆ.

ಈ ಪಾಠದಲ್ಲಿ ಎರಡನೆಯ ವಿಧವನ್ನೇ ವಿಸ್ತಾರವಾಗಿ ನೋಡುವೆವು. ಅದನ್ನು ಅರಿತವರಿಗೆ ಉಳಿದವುಗಳ ತೊಡಕೂ ತಿಳಿಯುವುದು.

೩. ಅಪಾಯವು ಎಲ್ಲಿದೆ?

ಒಂದು ಕೂಡುಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳೋಣ. ಉಗ್ರಾಣವು ಒಂದು, ಅದರ ಬೀಗದ ಕೈಗಳು ಇಬ್ಬರು ವಾರಗಿತ್ತಿಯರ ಸೆರಗಿನಲ್ಲಿವೆ. ಪ್ರತಿಯೊಬ್ಬಳೂ ಬೆಳಿಗ್ಗೆ ಒಮ್ಮೆ ಉಗ್ರಾಣವನ್ನು ನೋಡಿಕೊಂಡು, ಯಾವ ಗುಡಾಣವು ಬರಿದಾಗಿದೆ ಎಂಬುದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ದಿನವೆಲ್ಲ ಆ ಪುಸ್ತಕವನ್ನೇ ನಂಬುವಳು. ಹಿರಿಯವಳು ಹತ್ತು ಗಂಟೆಗೆ ಏಳನೆಯ ಗುಡಾಣದಲ್ಲಿ ಬೆಲ್ಲವನ್ನಿಟ್ಟಳು. ಕಿರಿಯವಳ ಪುಸ್ತಕದಲ್ಲಿ ಏಳನೆಯದು ಬರಿದೆಂದೇ ಇದೆ. ಅವಳು ಹನ್ನೊಂದು ಗಂಟೆಗೆ ಕತ್ತಲೆಯಲ್ಲಿ ಅದಕ್ಕೇ ಉಪ್ಪನ್ನು ಸುರಿದಳು. ಇಬ್ಬರೂ ಎಚ್ಚರಿಕೆಯುಳ್ಳವರು, ಇಬ್ಬರೂ ಪುಸ್ತಕದಂತೆಯೇ ನಡೆದವರು. ಆದರೂ ಬೆಲ್ಲವೂ ಕೆಟ್ಟಿತು, ಉಪ್ಪೂ ಕೆಟ್ಟಿತು. ಸಂಜೆಯವರೆಗೆ ಇಬ್ಬರಿಗೂ ಅದು ತಿಳಿಯದು.

ಸರ್ವರುಗಳ ವಿಷಯದಲ್ಲಿ ನಡೆಯುವುದೂ ಇದೇ. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್ಟ್‌೪, ಎಕ್ಸ್‌ಎಫ್‌ಎಸ್ ಮುಂತಾದ ಕಡತ ವ್ಯವಸ್ಥೆಗಳು ಈ ಡಿಸ್ಕಿಗೆ ತಾನೊಬ್ಬನೇ ಯಜಮಾನನೆಂಬ ನಂಬಿಕೆಯ ಮೇಲೆ ಕಟ್ಟಲ್ಪಟ್ಟವು. ಬರಿದಾದ ಗೂಡುಗಳ ಪಟ್ಟಿಯನ್ನು ಅವು ಯಂತ್ರದ ನೆನಪಿನಲ್ಲಿ ಇಟ್ಟುಕೊಂಡು, ಪ್ರತಿಸಲವೂ ಡಿಸ್ಕನ್ನು ಕೇಳದೆ ಕೆಲಸವನ್ನು ಸಾಗಿಸುವುವು. ಎರಡು ಸರ್ವರುಗಳು ಒಂದೇ ಕಾಲದಲ್ಲಿ ಇಂಥ ವ್ಯವಸ್ಥೆಯನ್ನು ತೆರೆದರೆ, ಒಂದು ಬರೆದುದರ ಮೇಲೆ ಮತ್ತೊಂದು ಬರೆಯುವುದು. ಎರಡನೆಯದು ನೋಡುವುದಕ್ಕೆ ಮಾತ್ರ ತೆರೆದರೂ ಅದು ನೋಡುವುದು ಹಳೆಯ ಪಟ್ಟಿಯನ್ನು.

ಇದಕ್ಕೆ ಪರಿಹಾರಗಳು ಎರಡು. ಒಂದು, ಬೀಗದ ಕೈಯು ಯಾವಾಗಲೂ ಒಬ್ಬಳ ಬಳಿಯಲ್ಲಿ ಮಾತ್ರ ಇರುವಂತೆ ಮಾಡುವುದು: ಒಂದು ಸರ್ವರು ಕೆಲಸ ಮಾಡುವಾಗ ಮತ್ತೊಂದು ಕಾದು ಕೂತಿರುವುದು, ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು ಉಗ್ರಾಣವನ್ನು ತೆರೆಯುವುದು. ಎರಡು, ಇಬ್ಬರೂ ಒಳಗೆ ಹೋಗಬಹುದು; ಆದರೆ ಗುಡಾಣವನ್ನು ಮುಟ್ಟುವ ಮುಂಚೆ, "ಏಳನೆಯದನ್ನು ನಾನು ಹಿಡಿದಿದ್ದೇನೆ" ಎಂದು ಕೂಗಿ ಹೇಳಿ, ಮತ್ತೊಬ್ಬಳ ಒಪ್ಪಿಗೆಯನ್ನು ಪಡೆಯತಕ್ಕದ್ದು. ಈ ಕೂಗಿನ ಏರ್ಪಾಟಿಗೆ ಲಾಕ್ ಮ್ಯಾನೇಜರ್, ಅಂದರೆ ಬೀಗಗಳ ಪಾರುಪತ್ಯಗಾರನೆಂದು ಹೆಸರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯು ೧೯೮೩ರಲ್ಲಿ ಪ್ರಕಟಪಡಿಸಿದ ವ್ಯಾಕ್ಸ್‌ಕ್ಲಸ್ಟರ್ ಈ ಕ್ರಮಕ್ಕೆ ಹೆಸರಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜಿಎಫ್‌ಎಸ್ ಎಂಬುದರ ಎರಡನೆಯ ರೂಪವೂ, ಒರಾಕಲ್ ಸಂಸ್ಥೆಯು ರಚಿಸಿದ ಓಸಿಎಫ್‌ಎಸ್೨ ಎಂಬುದೂ ೨೦೦೬ರಲ್ಲಿ ಲಿನಕ್ಸಿಗೆ ಸೇರಿದವು; ಇವೆರಡೂ ಈ ಜಾತಿಯವು.

೪. ಎದೆಬಡಿತ ಮತ್ತು ಕೋರಂ

ಸಮೂಹದ ಯಂತ್ರಗಳು ಕ್ಷಣಕ್ಷಣಕ್ಕೂ ಒಂದಕ್ಕೊಂದು, "ನಾನಿದ್ದೇನೆ, ನಾನಿದ್ದೇನೆ" ಎಂದು ಸುದ್ದಿಯನ್ನು ಕಳುಹಿಸುತ್ತಿರುವುವು. ಇದಕ್ಕೆ ಎದೆಬಡಿತವೆಂದೇ ಹೆಸರು. ಕೆಲವು ಸೆಕೆಂಡುಗಳವರೆಗೆ ಬಡಿತವು ಕೇಳಿಸದಿದ್ದರೆ ಜೊತೆಗಾರನು ಬಿದ್ದನೆಂದು ಭಾವಿಸುವುದು. ಆದರೆ ನಡುವಿನ ಕೇಬಲ್ ತುಂಡಾಗಿದ್ದರೂ ಬಡಿತವು ಕೇಳಿಸದು! ಆಗ ಎರಡೂ ಜೀವಂತವಾಗಿದ್ದು, ಎರಡೂ ಮತ್ತೊಂದನ್ನು ಸತ್ತದ್ದೆಂದು ತಿಳಿದು, ಎರಡೂ ಉಗ್ರಾಣಕ್ಕೆ ಕೈಹಾಕುವುವು. ಈ ಸ್ಥಿತಿಗೆ ಇಂಗ್ಲಿಷಿನವರು ಸ್ಪ್ಲಿಟ್ ಬ್ರೈನ್ ಎನ್ನುವರು. ಇಬ್ಭಾಗವಾದ ಮಿದುಳು ಎಂದು ಅದರ ಅರ್ಥ.

ಇದನ್ನು ತಡೆಯುವ ಮೊದಲನೆಯ ಉಪಾಯವು ನಮ್ಮ ಸಭೆಗಳಲ್ಲಿ ಎಲ್ಲರಿಗೂ ಪರಿಚಯವಿರುವ ಕೋರಂ. ಅರ್ಧಕ್ಕಿಂತ ಹೆಚ್ಚು ಸದಸ್ಯರು ಒಟ್ಟಿಗಿದ್ದರೆ ಮಾತ್ರ ನಿರ್ಣಯವನ್ನು ಮಾಡಬಹುದು. ಮೂರು ಸರ್ವರುಗಳಲ್ಲಿ ಎರಡು, ಐದರಲ್ಲಿ ಮೂರು ಒಂದೆಡೆ ಇರಬೇಕು. ಕೇಬಲ್ ತುಂಡಾಗಿ ಸಮೂಹವು ಒಡೆದರೂ, ಬಹುಮತವು ಎರಡು ಕಡೆಗಳಲ್ಲಿ ಇರುವುದು ಅಸಾಧ್ಯ. ಅಲ್ಪಮತದ ಪಾಲು ಕೆಲಸವನ್ನು ನಿಲ್ಲಿಸಿಬಿಡುವುದು. ನಾಲ್ಕು ಸರ್ವರುಗಳಿದ್ದರೆ ಕೋರಂಗೆ ಮೂರು ಬೇಕು. ಆದುದರಿಂದ ಅದು ತಾಳಿಕೊಳ್ಳುವ ನಷ್ಟವು ಒಂದೇ, ಮೂರರ ಸಮೂಹಕ್ಕಿಂತ ಹೆಚ್ಚಲ್ಲ. ಎರಡೇ ಇದ್ದರೆ ಸಂಕಟವು ಇನ್ನೂ ಹೆಚ್ಚು: ಬೇರ್ಪಟ್ಟ ಮೇಲೆ ಇಬ್ಬರಿಗೂ ಒಂದೊಂದು ಮತ, ಬಹುಮತವು ಯಾರಿಗೂ ಇಲ್ಲ. ಆಗ ಉಗ್ರಾಣದಲ್ಲಿಯೇ ಒಂದು ಸಣ್ಣ ಡಿಸ್ಕಿಗೋ, ಬೇರೆ ಕಡೆಯಲ್ಲಿರುವ ಮೂರನೆಯ ಚಿಕ್ಕ ಯಂತ್ರಕ್ಕೋ ಒಂದು ಮತವನ್ನು ಕೊಡುವುದು ಒಳ್ಳೆಯದು.

೫. ಬೇಲಿ

ಎರಡನೆಯ ಉಪಾಯವು ಇನ್ನೂ ಮುಖ್ಯವಾದದ್ದು. ಉತ್ತರ ಕೊಡದ ಯಂತ್ರವು ಸತ್ತಿರಬಹುದು. ಅಥವಾ ಕ್ಷಣಕಾಲ ಮೈಮರೆತು, ಮತ್ತೆ ಎಚ್ಚತ್ತು, ಅರ್ಧಕ್ಕೆ ನಿಂತಿದ್ದ ಬರಹವನ್ನು ಮುಂದುವರಿಸಬಹುದು. ಆದಕಾರಣ ಉಗ್ರಾಣವನ್ನು ತೆರೆಯುವ ಮುಂಚೆ, ಮೊದಲಿನವನು ಇನ್ನು ಬರೆಯಲಾರನು ಎಂಬುದನ್ನು ಕೈಯಾರೆ ಖಚಿತಪಡಿಸಿಕೊಳ್ಳತಕ್ಕದ್ದು. ಇದಕ್ಕೆ ಫೆನ್ಸಿಂಗ್, ಅಂದರೆ ಬೇಲಿ ಹಾಕುವುದು ಎನ್ನುವರು.

ಬೇಲಿಯನ್ನು ಎರಡು ಕಡೆಗಳಲ್ಲಿ ಹಾಕಬಹುದು. ಸಂಶಯಕ್ಕೆ ಒಳಗಾದ ಯಂತ್ರದ ವಿದ್ಯುತ್ತನ್ನೇ ಕತ್ತರಿಸುವುದು ಒಂದು. ಸರ್ವರುಗಳ ಒಳಗೆ ದೂರದಿಂದ ಆಜ್ಞೆಯನ್ನು ಕೇಳುವ ಸಣ್ಣ ಫಲಕವೊಂದಿದ್ದು, ಅದರ ಮೂಲಕ ಈ ಕೆಲಸವು ನಡೆಯುವುದು. ಉಗ್ರಾಣದ ಬಾಗಿಲಲ್ಲಿಯೇ ಅವನ ಬೀಗದ ಕೈಯನ್ನು ರದ್ದುಮಾಡುವುದು ಇನ್ನೊಂದು. ಸ್ಕಝಿ ನಿಯಮಾವಳಿಯಲ್ಲಿ ಪರ್ಸಿಸ್ಟೆಂಟ್ ರಿಸರ್ವೇಷನ್ ಎಂಬ ಏರ್ಪಾಡು ಇದಕ್ಕಾಗಿಯೇ ಇದೆ. ಮೊದಲನೆಯ ಬಗೆಯಲ್ಲಿ ಒಂದು ಸೂಕ್ಷ್ಮವುಂಟು. ಯಂತ್ರಕ್ಕೆ ಬರುವ ವಿದ್ಯುತ್ತೇ ನಿಂತುಹೋದರೆ ಆ ಸಣ್ಣ ಫಲಕವೂ ಮೂಕವಾಗುವುದು. ಬೇಲಿ ಬಿದ್ದಿತೆಂಬ ಉತ್ತರವು ಬಾರದೆ ಸಮೂಹವು ಕಾಯುತ್ತ ನಿಲ್ಲುವುದು. ಆದುದರಿಂದ ಬಲ್ಲವರು ಎರಡು ಬೇಲಿಗಳನ್ನೂ ಇಡುವರು. ಕಾಯುವುದರಿಂದ ಹೊತ್ತು ಮಾತ್ರ ನಷ್ಟ. ಕಾಯದೆ ತೆರೆಯುವುದರಿಂದ ಲೆಕ್ಕವೇ ನಷ್ಟ.

೬. ನನ್ನ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಗಣಕಯಂತ್ರಗಳು ನನ್ನ ಪಾರುಪತ್ಯದಲ್ಲಿದ್ದವು. ಎರಡು ಸರ್ವರುಗಳು, ಐಸ್ಕಝಿಯ ಮೂಲಕ ಒಂದು ಉಗ್ರಾಣ. ಒಂದು ಕೆಲಸ ಮಾಡುವುದು, ಒಂದು ಕಾಯುವುದು. ಎದೆಬಡಿತಕ್ಕೆ ಒಂದೇ ಸ್ವಿಚ್ಚು, ಮೂರನೆಯ ಮತವಿಲ್ಲ. ಆರಂಭದಲ್ಲಿ ಬಡಿತವು ಆಗಾಗ್ಗೆ ತಪ್ಪಿ, ಒಂದು ಯಂತ್ರವು ಮತ್ತೊಂದನ್ನು ಆರಿಸುವುದು, ಆರಿದ್ದು ಎದ್ದೊಡನೆ ಮೊದಲನೆಯದನ್ನು ಆರಿಸುವುದು, ಹೀಗೆ ತೊಂದರೆಯಾಗುತ್ತಿತ್ತು. ಕಾರಣವನ್ನು ಹುಡುಕುವ ತಾಳ್ಮೆಯಿಲ್ಲದೆ ನಾನು ಬೇಲಿಯ ಏರ್ಪಾಡನ್ನೇ ನಿಲ್ಲಿಸಿಬಿಟ್ಟೆನು. ಒಂದು ವಾರದ ಮಟ್ಟಿಗೆ ಎಂದುಕೊಂಡೆನು. ಐದು ತಿಂಗಳುಗಳು ಕಳೆದವು. ಏನೂ ಆಗಲಿಲ್ಲವಾದುದರಿಂದ ಮಾಡಿದ್ದು ಸರಿಯೆಂದೇ ನನಗೆ ತೋರಿತು.

ಒಂದು ಸಂಜೆ ದುರಸ್ತಿಗಾಗಿ ಆ ಸ್ವಿಚ್ಚಿನ ವಿದ್ಯುತ್ತನ್ನು ನಿಲ್ಲಿಸಿದರು. ಉಗ್ರಾಣದ ದಾರಿಯು ಬೇರೆ ಸ್ವಿಚ್ಚಿನ ಮೇಲಿದ್ದುದರಿಂದ ಅದಕ್ಕೆ ಏನೂ ಆಗಲಿಲ್ಲ. ಕಾಯುತ್ತಿದ್ದ ಸರ್ವರು ಜೊತೆಗಾರನು ಸತ್ತನೆಂದು ನಂಬಿ, ಡಿಸ್ಕನ್ನು ತೆರೆದು ಬರೆಯತೊಡಗಿತು. ಮೊದಲನೆಯದೂ ಬರೆಯುತ್ತಲೇ ಇತ್ತು. ಕೆಲವು ವಾರ್ಡುಗಳ ಮಾತು ಒಂದಕ್ಕೆ, ಕೆಲವು ವಾರ್ಡುಗಳ ಮಾತು ಇನ್ನೊಂದಕ್ಕೆ ಹೋಗುತ್ತಿತ್ತು. ಕಾಲು ಗಂಟೆಯೊಳಗೆ ಔಷಧಗಳ ಪಟ್ಟಿಯಲ್ಲಿ ರಕ್ತಪರೀಕ್ಷೆಯ ಅಂಕಿಗಳು ಕಾಣಿಸಿಕೊಂಡವು. ನಾನು ಓಡಿಬಂದು ಎರಡನ್ನೂ ನಿಲ್ಲಿಸಿದೆನು. ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವ ಉಪಕರಣವು ಗುರುತು ಸಿಕ್ಕದ ತುಣುಕುಗಳನ್ನು ಒಂದು ಮೂಲೆಗೆ ರಾಶಿಹಾಕಿತೇ ಹೊರತು, ಅವನ್ನು ಜೋಡಿಸಲು ಅದರಿಂದಾಗಲಿಲ್ಲ. ಹಿಂದಿನ ರಾತ್ರಿ ತೆಗೆದಿಟ್ಟಿದ್ದ ಪ್ರತಿಯೊಂದೇ ನಮ್ಮನ್ನು ಕಾಪಾಡಿತು. ಆ ಒಂದು ದಿನದ ಲೆಕ್ಕವು ಮಾತ್ರ ಹೋಯಿತು.

ವಾರ್ಡುಗಳಲ್ಲಿ ದಾದಿಯರು ಕಾಗದದ ಮೇಲೆಯೂ ಬರೆದಿಡುತ್ತಿದ್ದುದರಿಂದ ಯಾವ ರೋಗಿಗೂ ಕೇಡಾಗಲಿಲ್ಲ. ಎರಡು ರಾತ್ರಿ ನಾವು ಕೂತು ಆ ಕಾಗದಗಳನ್ನು ನೋಡಿ ಮತ್ತೆ ತುಂಬಿದೆವು. ವಯಸ್ಸಾದ ಹಿರಿಯ ಸಿಸ್ಟರೊಬ್ಬರು ಒಂದೊಂದೇ ಸಾಲನ್ನು ಓದಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆನು. ನಡುವೆ ಅವರು, "ಆಗಿದ್ದೇನಮ್ಮಾ, ನಿಜವಾಗಿ ಹೇಳು" ಎಂದರು. ನಾನು ನಡೆದುದನ್ನು ತಿಳಿಸಿ, "ಎರಡನೆಯ ಯಂತ್ರ ಮೊದಲನೆಯದು ಸತ್ತಿದೆ ಅಂತ ತಿಳಿದುಕೊಂಡಿತು, ಸಿಸ್ಟರ್" ಎಂದೆನು.

"ಸತ್ತಿದೆ ಅಂತ ನೋಡಿದವರು ಯಾರು?"

"ಯಾರೂ ನೋಡಲಿಲ್ಲ. ಉತ್ತರ ಬರಲಿಲ್ಲ, ಅಷ್ಟೇ."

ಅವರು ಕನ್ನಡಕವನ್ನು ತೆಗೆದು ಒರೆಸಿಕೊಂಡು, "ನಮ್ಮಲ್ಲಿ ಕರೆದಾಗ ರೋಗಿ ಮಾತಾಡದಿದ್ದರೆ ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವುದಿಲ್ಲಮ್ಮಾ. ಮೊದಲು ನಾಡಿ ಹಿಡಿದು ನೋಡುತ್ತೇವೆ" ಎಂದು ಹೇಳಿ, ಮುಂದಿನ ಸಾಲನ್ನು ಓದತೊಡಗಿದರು. ಬೇಲಿಯ ವಿಷಯವಾಗಿ ನಾನು ಓದಿದ್ದ ಪುಸ್ತಕಗಳಲ್ಲಿ ಯಾವುದೂ ನನ್ನ ಮನಸ್ಸಿಗೆ ಇಷ್ಟು ನಾಟಿರಲಿಲ್ಲ.

೭. ಏರ್ಪಡಿಸುವ ಕ್ರಮ

ಈಗ ಕೆಲಸದ ಕ್ರಮವನ್ನು ಹೇಳುವೆನು. ಮುಖ್ಯವಾದುದೇನೆಂದರೆ, ಇದರಲ್ಲಿ ಹಿಂದುಮುಂದು ಮಾಡಬಾರದು.

(೧) ದಾರಿಗಳು. ಉಗ್ರಾಣಕ್ಕೆ ಎರಡು ಕೇಬಲ್ಲುಗಳು ಎರಡು ಬೇರೆ ಸ್ವಿಚ್ಚುಗಳ ಮೂಲಕ ಹೋಗಲಿ. ಎದೆಬಡಿತಕ್ಕೂ ಎರಡು ದಾರಿಗಳಿರಲಿ. ಎರಡು ದಾರಿಗಳಿರುವಾಗ ಒಂದೇ ಡಿಸ್ಕು ಸರ್ವರಿನ ಕಣ್ಣಿಗೆ ಎರಡಾಗಿ ಕಾಣುವುದು. ಅವೆರಡೂ ಒಂದೇ ಎಂದು ತಿಳಿಸುವ ಮಲ್ಟಿಪಾತ್ ಎಂಬ ಏರ್ಪಾಡನ್ನು ಮೊದಲೇ ಮಾಡತಕ್ಕದ್ದು.

(೨) ಡಿಸ್ಕುಗಳ ಜೋಡಣೆ. ೧೯೮೮ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ರೇಡ್ ಎಂಬ ಜೋಡಣೆಯ ವಿಧಗಳನ್ನು ಪ್ರಬಂಧದಲ್ಲಿ ವಿವರಿಸಿದರು. ಅನಂತರ ಬಂದ ಆರನೆಯ ವಿಧದಲ್ಲಿ ಎಂಟು ಡಿಸ್ಕುಗಳಿದ್ದರೆ ಆರರಷ್ಟು ಸ್ಥಳವು ದೊರೆತು, ಯಾವ ಎರಡು ಕೆಟ್ಟರೂ ಲೆಕ್ಕವು ಉಳಿಯುವುದು.

(೩) ಅಪ್ಪಣೆ. ಉಗ್ರಾಣವು ಯಾವ ಸರ್ವರುಗಳಿಗೆ ಬಾಗಿಲು ತೆರೆಯಬೇಕೆಂಬುದನ್ನು ಅವುಗಳ ಐಸ್ಕಝಿ ಹೆಸರುಗಳಿಂದ ಪಟ್ಟಿಮಾಡಿ, ಗುಪ್ತಪದವನ್ನೂ ಇಡತಕ್ಕದ್ದು. ಎರಡು ಸರ್ವರುಗಳಿಗೆ ಒಂದೇ ಹೆಸರಿದ್ದರೆ ಗೊಂದಲವು ತಪ್ಪದು. ಒಂದು ಯಂತ್ರದ ಪ್ರತಿಯಾಗಿ ಮತ್ತೊಂದನ್ನು ತಯಾರಿಸುವವರು ಇದನ್ನು ಮರೆಯುವುದುಂಟು.

(೪) ಗುರುತು. ಎಲ್ಲ ಸರ್ವರುಗಳೂ ನೋಡುತ್ತಿರುವುದು ಅದೇ ಡಿಸ್ಕನ್ನೇ ಎಂಬುದನ್ನು ಡಿಸ್ಕಿನ ಹುಟ್ಟುಸಂಖ್ಯೆಯಿಂದ ತಾಳೆನೋಡಬೇಕು. ಯಂತ್ರವು ತಾನಾಗಿ ಇಡುವ ಮೊದಲನೆಯದು, ಎರಡನೆಯದು ಎಂಬ ಹೆಸರುಗಳು ಮರಳಿ ಹೊತ್ತಿಸಿದಾಗ ಅದಲುಬದಲಾಗಬಹುದು. ಗಡಿಯಾರಗಳು ಒಂದೇ ಹೊತ್ತನ್ನು ತೋರಿಸುವಂತೆಯೂ ಇದೇ ಸಮಯದಲ್ಲಿ ಮಾಡತಕ್ಕದ್ದು.

(೫) ಸಮೂಹ, ಕೋರಂ, ಬೇಲಿ. ಇವು ಮೂರೂ ಡಿಸ್ಕಿನಲ್ಲಿ ಒಂದಕ್ಷರವನ್ನಾದರೂ ಬರೆಯುವ ಮುಂಚೆಯೇ ಸಿದ್ಧವಾಗಿರಬೇಕು. ಬೇಲಿಯು ಇದೆಯೆಂದರೆ ಸಾಲದು. ಒಂದು ಸರ್ವರಿನಿಂದ ಇನ್ನೊಂದನ್ನು ನಿಜವಾಗಿ ಆರಿಸಿ ನೋಡತಕ್ಕದ್ದು.

(೬) ಕಡತ ವ್ಯವಸ್ಥೆ. ಎಲ್ಲರೂ ಒಟ್ಟಿಗೆ ಬರೆಯಬೇಕಾದರೆ ಜಿಎಫ್‌ಎಸ್೨ ಮುಂತಾದವನ್ನು ಆರಿಸಬೇಕು. ಅದರಲ್ಲಿ ಒಂದೊಂದು ಸರ್ವರಿಗೂ ಒಂದೊಂದು ದಿನವಹಿ ಪುಸ್ತಕವಿರಬೇಕಾದುದರಿಂದ ಸರ್ವರುಗಳೆಷ್ಟೋ ಪುಸ್ತಕಗಳಷ್ಟು. ಒಬ್ಬೊಬ್ಬರೇ ಸರದಿಯಂತೆ ಬರೆಯುವುದಾದರೆ ಸಾಧಾರಣ ವ್ಯವಸ್ಥೆಯೇ ಸಾಕು. ಆದರೆ ಯಂತ್ರವು ಹೊತ್ತಿದಾಗ ತಾನಾಗಿ ತೆರೆಯುವ ಡಿಸ್ಕುಗಳ ಪಟ್ಟಿಯಲ್ಲಿ ಅದನ್ನು ಎಂದಿಗೂ ಸೇರಿಸಬಾರದು. ತೆರೆಯುವ ಅಧಿಕಾರವು ಸಮೂಹದ ಪಾರುಪತ್ಯಗಾರನಿಗೆ ಮಾತ್ರ. ಎಕ್ಸ್ಟ್‌೪ರಲ್ಲಿ ಎರಡನೆಯವನು ತೆರೆಯದಂತೆ ತಡೆಯುವ ಒಂದು ಕಾವಲು ಉಂಟು. ಅದನ್ನೂ ಹಾಕಿಡುವುದು ಲೇಸು.

(೭) ಪರೀಕ್ಷೆ. ಎದೆಬಡಿತದ ಕೇಬಲ್ಲನ್ನು ಕಿತ್ತು ನೋಡುವುದು. ಒಂದು ಸರ್ವರಿನ ವಿದ್ಯುತ್ತನ್ನು ನಿಲ್ಲಿಸಿ ನೋಡುವುದು. ಒಂದು ಸ್ವಿಚ್ಚನ್ನು ಆರಿಸಿ ನೋಡುವುದು. ಪ್ರತಿಸಲವೂ ಏನಾಯಿತು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದಿಡುವುದು. ಇದನ್ನು ಜನರು ಉಪಯೋಗಿಸುವ ಮುಂಚೆಯೇ ಮಾಡಿದರೆ ಪಾಠವಾಗುವುದು. ತರುವಾಯ ತಾನಾಗಿ ನಡೆದರೆ ಆಪತ್ತಾಗುವುದು.

೮. ಕೊನೆಯ ಮಾತು

ಇಷ್ಟೆಲ್ಲ ಮಾಡಿದ ಮೇಲೂ ಉಗ್ರಾಣವು ಒಂದೇ ಎಂಬುದನ್ನು ಮರೆಯಬಾರದು. ತಪ್ಪಾಗಿ ಅಳಿಸಿದ ಕಡತವನ್ನು ರೇಡ್ ಮರಳಿ ಕೊಡದು, ಕೋರಂ ಕೊಡದು, ಬೇಲಿಯೂ ಕೊಡದು. ಎರಡು ಸರ್ವರುಗಳೂ ಆ ಅಳಿಸುವಿಕೆಯನ್ನು ಅಷ್ಟೇ ನಿಷ್ಠೆಯಿಂದ ನಡೆಸಿಕೊಡುವುವು. ಆದುದರಿಂದ ಪ್ರತಿರಾತ್ರಿಯೂ ಒಂದು ಪ್ರತಿಯನ್ನು ತೆಗೆದು ಬೇರೊಂದು ಕಟ್ಟಡದಲ್ಲಿ ಇಡತಕ್ಕದ್ದು. ಆಗಾಗ್ಗೆ ಅದನ್ನು ತೆರೆದು ಓದಲು ಬರುತ್ತದೆಯೇ ಎಂದು ನೋಡತಕ್ಕದ್ದು.

ಆ ಆಸ್ಪತ್ರೆಯಲ್ಲಿ ತರುವಾಯ ಬಡಿತಕ್ಕೆ ಎರಡನೆಯ ದಾರಿಯನ್ನು ಹಾಕಿದೆವು. ಮೂರನೆಯ ಮತಕ್ಕೆ ಒಂದು ಹಳೆಯ ಯಂತ್ರವನ್ನು ಇಟ್ಟೆವು. ಬೇಲಿಯನ್ನು ಮತ್ತೆ ಕಟ್ಟಿದೆವು. ಅದು ಎರಡು ಸಲ ರಾತ್ರಿಯಲ್ಲಿ ಒಂದು ಯಂತ್ರವನ್ನು ಆರಿಸಿ ನನ್ನನ್ನು ಎಬ್ಬಿಸಿತು. ಎರಡು ಸಲವೂ ಲೆಕ್ಕದಲ್ಲಿ ಒಂದಕ್ಷರವೂ ಹೆಚ್ಚುಕಡಿಮೆಯಾಗಿರಲಿಲ್ಲ. ಮಗಳು ನಡುರಾತ್ರಿಯಲ್ಲಿ ಎದ್ದು ಕೂತದ್ದನ್ನು ಕಂಡ ತಾಯಿತಂದೆಗಳು, ಅವಳು ಬಹುಶಃ ಎಲ್ಲಿಯೋ ಒಂದು ಉಗ್ರಾಣದ ಬಾಗಿಲಲ್ಲಿ ನಿಂತು ನಾಡಿಯನ್ನು ಹಿಡಿದು ನೋಡುತ್ತಿರುವಳೆಂದು ತಿಳಿದುಕೊಳ್ಳಲಿ.

ಅಭ್ಯಾಸಕ್ಕೆ ಪ್ರಶ್ನೆಗಳು

(೧) ಸಾಧಾರಣ ಕಡತ ವ್ಯವಸ್ಥೆಯನ್ನು ಎರಡು ಸರ್ವರುಗಳು ಒಂದೇ ಕಾಲದಲ್ಲಿ ತೆರೆದರೆ ಏನಾಗುವುದು? ವಾರಗಿತ್ತಿಯರ ದೃಷ್ಟಾಂತದಿಂದ ವಿವರಿಸಿರಿ.
(೨) ಏಳು ಸರ್ವರುಗಳ ಸಮೂಹದಲ್ಲಿ ಕೋರಂಗೆ ಎಷ್ಟು ಬೇಕು? ಎಷ್ಟು ಕೆಟ್ಟರೂ ಕೆಲಸವು ಸಾಗುವುದು? ಎಂಟಾದರೆ?
(೩) ಎದೆಬಡಿತವು ಕೇಳಿಸದಿರುವುದಕ್ಕೂ ಯಂತ್ರವು ಸತ್ತಿರುವುದಕ್ಕೂ ಇರುವ ಭೇದವೇನು?
(೪) ಬೇಲಿಯನ್ನು ಎರಡು ಬಗೆಯಲ್ಲಿಯೂ ಹಾಕಬೇಕೆಂಬುದಕ್ಕೆ ಕಾರಣವೇನು?
(೫) ರೇಡ್ ಇದ್ದರೂ ಪ್ರತಿರಾತ್ರಿ ಪ್ರತಿಯನ್ನು ತೆಗೆದಿಡಬೇಕೇಕೆ?